ಬಂದಳಿಕೆಯ ಕಲ್ಲು, ಅಂತರ್ಜಾಲದ ಚಿತ್ರಕಥೆ: ಓದುಗರ ಶಿಫಾರಸಿಗೊಂದು ಕ್ರಮ

1. ಪ್ರವೇಶ

ತಾನು ಓದಿ ಮೆಚ್ಚಿದ ಕೃತಿಯನ್ನು ಸಹ ಓದುಗರಿಗೆ ಸೂಚಿಸುವುದು ಸಾಹಿತ್ಯದಷ್ಟೇ ಹಳೆಯದಾದ ರೂಢಿ. ಕನ್ನಡದ ಪ್ರಾಚೀನ ಕಾವ್ಯಗಳ ಪೀಠಿಕಾಭಾಗದಲ್ಲಿ ಬರುವ ಪೂರ್ವಕವಿಸ್ತುತಿಯನ್ನು ಈ ದೃಷ್ಟಿಯಿಂದಲೂ ನೋಡಲು ಅವಕಾಶವಿದೆ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ದುರ್ವಿನೀತ, ಜಯಬಂಧು ಮೊದಲಾದ ಗದ್ಯಕಾರರನ್ನೂ ಕವೀಶ್ವರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಹೆಸರಿಸಿದೆ. ಇವರ ಕನ್ನಡ ಕೃತಿಗಳು ಇಂದು ಲಭ್ಯವಿಲ್ಲ. ಹೆಸರುಗಳು ಉಳಿದಿವೆ; ಆ ಕೃತಿಗಳನ್ನು ಅಂದಿನವರು ಹೇಗೆ ಓದುತ್ತಿದ್ದರು, ಅವುಗಳಲ್ಲಿ ಏನನ್ನು ಮೆಚ್ಚಿದರು ಎಂಬುದು ಹೆಸರುಗಳಿಂದ ತಿಳಿಯುವುದಿಲ್ಲ. ಬರಿಯ ಪಟ್ಟಿಯು ಕೃತಿಯ ಸ್ಥಾನವನ್ನು ತುಂಬಲಾರದು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಹಳೆಯ ಸಾಕ್ಷ್ಯ ಬೇಕಿಲ್ಲ.

ಈ ಮಾತನ್ನು ಇಂದು ನೆನೆಯಲು ಕಾರಣವಿದೆ. ಅಂತರ್ಜಾಲದಲ್ಲಿಯೇ ಹುಟ್ಟಿ ಅಲ್ಲಿಯೇ ಓದಿಸಿಕೊಳ್ಳುವ ಚಿತ್ರಕಥೆಗಳು, ಅಂದರೆ ವೆಬ್‌ಕಾಮಿಕ್‌ಗಳು, ಕಳೆದ ಎರಡೂವರೆ ದಶಕಗಳಲ್ಲಿ ಒಂದು ದೊಡ್ಡ ಓದುಗ ವರ್ಗವನ್ನು ಕಟ್ಟಿಕೊಂಡಿವೆ. ಕನ್ನಡ ಸ್ನಾತಕೋತ್ತರ ತರಗತಿಗಳ ವಿದ್ಯಾರ್ಥಿಗಳೂ ಈ ವರ್ಗಕ್ಕೆ ಹೊರತಲ್ಲ. ಇಂಥ ಕೃತಿಗಳು ಹೆಚ್ಚಾಗಿ ಒಬ್ಬ ಓದುಗರಿಂದ ಇನ್ನೊಬ್ಬರಿಗೆ ಶಿಫಾರಸಿನ ಮೂಲಕವೇ ಹರಡುತ್ತವೆ. ಆದರೆ ಆ ಶಿಫಾರಸು ಬಹುಮಟ್ಟಿಗೆ ಹೆಸರಿನಲ್ಲಿ ಆರಂಭವಾಗಿ ಹೆಸರಿನಲ್ಲೇ ಮುಗಿಯುತ್ತದೆ. ಚಿತ್ರವನ್ನು ಓದುವ ಕ್ರಮವೇನು, ಅದನ್ನು ಇನ್ನೊಬ್ಬರಿಗೆ ಹೇಳುವ ಪರಿಭಾಷೆ ಯಾವುದು ಎಂಬ ಪ್ರಶ್ನೆಗಳನ್ನು ಕನ್ನಡ ವಿಭಾಗಗಳು ಅಷ್ಟಾಗಿ ಎತ್ತಿಕೊಂಡಿಲ್ಲ. ಈ ಪ್ರಶ್ನೆಗಳಿಗೆ ಉತ್ತರವನ್ನು ಹೊರಗಿನಿಂದಲೇ ತರಬೇಕಾಗಿಲ್ಲ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸ್ಮಾರಕಶಿಲೆಗಳಲ್ಲಿ, ವಿಶೇಷವಾಗಿ ಬಂದಳಿಕೆಯ ಪರಿಸರದಲ್ಲಿ, ಚಿತ್ರಕಥನದ ಓದಿಗೆ ಬೇಕಾದ ಮೂಲಪಾಠಗಳು ದೊರೆಯುತ್ತವೆ. ಅವುಗಳ ನೆರವಿನಿಂದ ಮೂರು ಪ್ರಶ್ನೆಗಳನ್ನು ರೂಪಿಸಿ, ಆ ಪ್ರಶ್ನೆಗಳ ಮೂಲಕ ಕೆಲವು ಅಂತರ್ಜಾಲ ಚಿತ್ರಕಥೆಗಳನ್ನು ಅಧ್ಯಾಪಕರ ಹಾಗೂ ಸಂಶೋಧಕರ ಓದಿಗೆ ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ನಾಗರಖಂಡದ ನೆಲೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯು ಶಾಸನಗಳಲ್ಲಿ ಬಂದಣಿಕೆ, ಬಾಂಧವಪುರ ಎಂಬ ಹೆಸರುಗಳಿಂದ ಪ್ರಸಿದ್ಧವಾಗಿದೆ. ಬನವಾಸಿ ಹನ್ನಿರ್ಛಾಸಿರಕ್ಕೆ ಸೇರಿದ ನಾಗರಖಂಡ ಎಪ್ಪತ್ತರ ಮುಖ್ಯ ಪಟ್ಟಣ ಇದಾಗಿತ್ತು. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ, ಸೋಮೇಶ್ವರ ದೇವಾಲಯ, ಬನಶಂಕರಿಯ ಗುಡಿ ಇವು ಒಂದೇ ಆವರಣದಲ್ಲಿ ಜೈನ, ಶೈವ, ವೈಷ್ಣವ, ಶಾಕ್ತ ನೆಲೆಗಳು ಕೂಡಿ ಬಾಳಿದ್ದನ್ನು ತೋರಿಸುತ್ತವೆ. ಸುತ್ತಲಿನ ತಾಳಗುಂದ, ಬಳ್ಳಿಗಾವಿ, ಸೊರಬ ತಾಲ್ಲೂಕಿನ ಕುಪ್ಪಟೂರು, ಉದ್ರಿ ಮೊದಲಾದ ಊರುಗಳನ್ನೂ ಸೇರಿಸಿಕೊಂಡರೆ ವೀರಗಲ್ಲು, ಮಹಾಸತಿಕಲ್ಲು, ನಿಸಿದಿಗಲ್ಲುಗಳು ದಟ್ಟವಾಗಿರುವ ಪ್ರದೇಶವೊಂದು ಕಣ್ಣೆದುರು ನಿಲ್ಲುತ್ತದೆ.

ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳೂ 8ನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳೂ ಪ್ರಕಟವಾದವು. ತಾಲ್ಲೂಕುವಾರು ವಿಂಗಡಣೆಯಿಂದಾಗಿ, ಅಕ್ಕಪಕ್ಕದ ಪ್ರಾಚೀನ ನಾಡುಗಳ ಕಲ್ಲುಗಳು ಎರಡು ಸಂಪುಟಗಳಲ್ಲಿ ಹಂಚಿಹೋದವು. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಭಜನೆಯೂ ನಡೆಯಿತು. ಸಂಪುಟಗಳಲ್ಲಿ ಮೊದಲ ಸ್ಥಾನ ದೊರೆತದ್ದು ಪಠ್ಯ, ಲಿಪ್ಯಂತರ ಮತ್ತು ಅನುವಾದಗಳಿಗೆ. ಕಲ್ಲಿನ ಮೇಲಿದ್ದ ಚಿತ್ರವು ಅಕ್ಷರದಿಂದ ಬೇರೆಯಾಗಿ ಕಲ್ಲಿನಲ್ಲೇ ಉಳಿಯಿತು. ಸಾವಿರಾರು ಶಾಸನಗಳನ್ನು ಕೆಲವೇ ವರ್ಷಗಳಲ್ಲಿ ದಾಖಲಿಸಿದ ಆ ಮಹತ್ಕಾರ್ಯದ ಮುಂದೆ ಇದನ್ನು ದೋಷವೆಂದು ಎಣಿಸುವುದು ಸರಿಯಲ್ಲ. ಆದರೆ ಅದರ ಪರಿಣಾಮವನ್ನು ಗುರುತಿಸಲೇಬೇಕು. ಕನ್ನಡ ವಿದ್ಯಾರ್ಥಿಗಳ ಪಾಲಿಗೆ ವೀರಗಲ್ಲು ಎಂದರೆ ಅದರ ಬರಹ ಎಂಬ ಗ್ರಹಿಕೆ ಬೇರೂರಲು ಈ ವಿಭಜನೆಯೂ ಒಂದು ಕಾರಣ.

ಮುಂದಿನ ವಿದ್ವತ್ತು ಈ ಕೊರತೆಯನ್ನು ತುಂಬಲು ಯತ್ನಿಸಿದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966), ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಕೃತಿಗಳು ಹಾಗೂ ಎಸ್. ಶೆಟ್ಟರ್ ಮತ್ತು ಸೊಂಥೈಮರ್ ಅವರು ಸ್ಮಾರಕಶಿಲೆಗಳನ್ನು ಕುರಿತು 1982ರಲ್ಲಿ ಸಂಪಾದಿಸಿದ ಗ್ರಂಥ ಇಲ್ಲಿ ಉಲ್ಲೇಖನೀಯ. ಇವು ಕಲ್ಲನ್ನು ಸಂಸ್ಕೃತಿಯ ಆಕರವಾಗಿ ಓದುವ ದಾರಿಯನ್ನು ತೆರೆದವು. ಅದೇ ಕಲ್ಲನ್ನು ಕಥನದ ವಿಧಾನವಾಗಿ ಓದುವುದು ಇದರ ಮುಂದಿನ ಹೆಜ್ಜೆ.

3. ದಿಕ್ಕು ಮತ್ತು ತೆರಪು

ಈ ಪ್ರದೇಶದಲ್ಲಿ ಹೆಚ್ಚಾಗಿ ಕಾಣುವ ಮೂರು ಹಂತಗಳ ವೀರಗಲ್ಲನ್ನೇ ತೆಗೆದುಕೊಳ್ಳಬಹುದು. ಕೆಳಗಿನ ಹಂತದಲ್ಲಿ ಕಾಳಗವಿರುತ್ತದೆ. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಇವುಗಳಲ್ಲಿ ಒಂದು ಸಂದರ್ಭ ಅಲ್ಲಿ ಚಿತ್ರಿತವಾಗಿರುತ್ತದೆ. ನಡುವಿನ ಹಂತದಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಹಂತದಲ್ಲಿ ವೀರನು ಲಿಂಗದ ಅಥವಾ ಜಿನಬಿಂಬದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಶಿಖರದಲ್ಲಿ ಸೂರ್ಯಚಂದ್ರರಿರುತ್ತಾರೆ.

ಇಲ್ಲಿ ಮೊದಲು ಗಮನಿಸಬೇಕಾದದ್ದು ಓದಿನ ದಿಕ್ಕು. ಪುಸ್ತಕದ ಪುಟವನ್ನು ಮೇಲಿನಿಂದ ಕೆಳಕ್ಕೆ ಓದುವ ಕಣ್ಣು ಈ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕಾಗುತ್ತದೆ. ಈ ದಿಕ್ಕು ಯಾದೃಚ್ಛಿಕವಾದದ್ದಲ್ಲ. ನೆಲದಲ್ಲಿ ನೆಟ್ಟ ಕಲ್ಲಿನ ಬುಡದಲ್ಲಿ ನೆಲದ ಕಾಳಗ, ತುದಿಯಲ್ಲಿ ದೇವಲೋಕ ಎಂಬ ಜೋಡಣೆಯಲ್ಲಿ ಕಣ್ಣು ಏರುವುದೂ ವೀರನು ಏರುವುದೂ ಒಂದೇ ಕ್ರಿಯೆಯಾಗುತ್ತದೆ. ಹೀಗೆ ದಿಕ್ಕೇ ಅರ್ಥದ ಒಂದು ಅಂಗವಾಗಿದೆ.

ಎರಡನೆಯದು ಹಂತಗಳ ನಡುವಣ ತೆರಪು. ಮೊದಲ ಹಂತದಲ್ಲಿ ವೀರನು ಹೋರಾಡುತ್ತಿರುತ್ತಾನೆ. ಎರಡನೆಯದರಲ್ಲಿ ಅಪ್ಸರೆಯರ ನಡುವೆ ಇರುತ್ತಾನೆ. ಅವನ ಸಾವು ಅನೇಕ ಕಲ್ಲುಗಳಲ್ಲಿ ಎಲ್ಲಿಯೂ ಕೆತ್ತಲ್ಪಟ್ಟಿಲ್ಲ. ಅದು ಎರಡು ಹಂತಗಳನ್ನು ಬೇರ್ಪಡಿಸುವ ಪಟ್ಟಿಯಲ್ಲಿ ನಡೆದುಹೋಗಿರುತ್ತದೆ. ನೋಡುಗನೇ ಅದನ್ನು ಮನಸ್ಸಿನಲ್ಲಿ ಪೂರೈಸಿಕೊಳ್ಳಬೇಕು. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಕೃತಿಯಲ್ಲಿ ಎರಡು ಚೌಕಗಳ ನಡುವಿನ ಖಾಲಿ ಜಾಗವನ್ನೂ, ಅದನ್ನು ಓದುಗನ ಕಲ್ಪನೆಯು ತುಂಬುವ ಕ್ರಿಯೆಯನ್ನೂ ಕಾಮಿಕ್ಸ್‌ನ ಜೀವಾಳವೆಂದು ಪ್ರತಿಪಾದಿಸಿದ್ದಾರೆ. ಚಿತ್ರಕಥನದ ಪೂರ್ವೇತಿಹಾಸವನ್ನು ಹೇಳುವಾಗ ಅವರು ಯೂರೋಪಿನ ಬೆಯೂ ಕಸೂತಿಪಟ, ಈಜಿಪ್ಟಿನ ಚಿತ್ರಗಳು ಮೊದಲಾದವನ್ನು ಉದಾಹರಿಸುತ್ತಾರೆ. ನಾಗರಖಂಡದ ಮೂರು ಹಂತಗಳ ಕಲ್ಲೂ ಈ ಚರ್ಚೆಗೆ ಸಮರ್ಥವಾದ ಉದಾಹರಣೆಯಾಗಬಲ್ಲದು.

ಇಷ್ಟರಿಂದ ವೀರಗಲ್ಲು ಕಾಮಿಕ್ಸ್‌ನ ಪೂರ್ವಜ ಎಂದು ಸಾಧಿಸಿದಂತಾಗುವುದಿಲ್ಲ. ಒಂದು ಸಾವಿನ ಸ್ಮರಣೆಗಾಗಿ ನೆಟ್ಟು ಪೂಜೆಗೊಂಡ ಕಲ್ಲಿಗೂ ಮನರಂಜನೆಗಾಗಿ ಬರೆದ ಚಿತ್ರಕಥೆಗೂ ಉದ್ದೇಶದಲ್ಲಿ ದೊಡ್ಡ ಅಂತರವಿದೆ. ಇಲ್ಲಿ ಹೇಳುತ್ತಿರುವುದು ಓದಿನ ಸಾಮ್ಯವನ್ನು ಮಾತ್ರ. ಎರಡೂ ಕಡೆ ಓದುಗನು ಕ್ರಮವನ್ನು ಕಂಡುಕೊಳ್ಳಬೇಕು, ತೆರಪನ್ನು ತುಂಬಬೇಕು.

4. ಅಕ್ಷರ ಮತ್ತು ಚಿತ್ರ

ಮೂರನೆಯ ಪ್ರಶ್ನೆ ಅಕ್ಷರ ಹಾಗೂ ಚಿತ್ರಗಳ ಸಂಬಂಧವನ್ನು ಕುರಿತದ್ದು. ವೀರಗಲ್ಲಿನ ವೀರನ ಮುಖ ಸಾಮಾನ್ಯವಾಗಿ ವ್ಯಕ್ತಿಯ ಹೋಲಿಕೆಯ ಚಿತ್ರವಲ್ಲ. ಒಂದು ಕಲ್ಲಿನ ವೀರನಿಗೂ ಪಕ್ಕದ ಕಲ್ಲಿನ ವೀರನಿಗೂ ರೂಪದಲ್ಲಿ ಹೆಚ್ಚಿನ ಭೇದ ಇರುವುದಿಲ್ಲ. ಇವನು ಇಂಥವನ ಮಗ, ಇಂಥ ಊರಿನ ತುರುವನ್ನು ಮಗುಳ್ಚಿ ಸತ್ತವನು ಎಂಬುದನ್ನು ಹಂತಗಳ ನಡುವಿನ ಪಟ್ಟಿಯಲ್ಲಿರುವ ಬರಹವೇ ಹೇಳಬೇಕು. ಚಿತ್ರವು ಎಲ್ಲ ವೀರರಿಗೂ ಸಮಾನವಾದುದನ್ನು ಹೇಳಿದರೆ ಅಕ್ಷರವು ಒಬ್ಬನಿಗೆ ಮಾತ್ರ ಸೇರಿದುದನ್ನು ಹೇಳುತ್ತದೆ.

ಬಂದಳಿಕೆಯ ಜಕ್ಕಿಯಬ್ಬೆಯ ಶಾಸನವನ್ನು ಈ ಹಿನ್ನೆಲೆಯಲ್ಲಿ ಪರಿಭಾವಿಸಬಹುದು. 10ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮರಣ ಹೊಂದಲು ಆ ಅಧಿಕಾರವು ಅವನ ಮಡದಿ ಜಕ್ಕಿಯಬ್ಬೆಗೆ ದೊರೆಯಿತು. ಆಕೆ ನಾಡನ್ನು ದಕ್ಷತೆಯಿಂದ ಆಳಿದಳು. ರೋಗ ಬಾಧಿಸಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡಳು. ಗಂಡನ ಮರಣ, ಅಧಿಕಾರಪ್ರಾಪ್ತಿ, ರೋಗ, ಹಸ್ತಾಂತರ, ವ್ರತ ಎಂಬ ಐದು ಘಟ್ಟಗಳು ಈ ಕಥನದಲ್ಲಿವೆ. ನಿಸಿದಿಗಲ್ಲುಗಳ ರೂಢಿಯ ಚಿತ್ರಕ್ರಮವು ಇವುಗಳಲ್ಲಿ ಕೊನೆಯದನ್ನು ಮಾತ್ರ ಆಯ್ದುಕೊಳ್ಳುತ್ತದೆ: ಗುರುವಿನೆದುರು ವ್ರತಸ್ಥ ವ್ಯಕ್ತಿ, ಮೇಲೆ ಜಿನಬಿಂಬ. ಹೆಣ್ಣೊಬ್ಬಳು ನಾಡನ್ನಾಳಿದ ಸಂಗತಿಗೆ ಆ ಚಿತ್ರಕ್ರಮದಲ್ಲಿ ಸ್ಥಾನವಿಲ್ಲ. ಅದನ್ನು ಕಾಪಾಡಿಕೊಟ್ಟದ್ದು ಅಕ್ಷರ.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದು ನಾಗರಖಂಡದಿಂದ ದೂರದ ಮಂಡ್ಯ ಜಿಲ್ಲೆಯ ಆತಕೂರಿನದು. ಸುಮಾರು 949–50ರ ಆ ಕಲ್ಲಿನ ಬರಹವು ತಕ್ಕೋಲದ ಯುದ್ಧವನ್ನೂ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ ಹೇಳುತ್ತದೆ. ಚಿತ್ರದಲ್ಲಿರುವುದಾದರೋ ಕಾಳಿ ಎಂಬ ನಾಯಿ ಮತ್ತು ಕಾಡುಹಂದಿಯ ಹೋರಾಟ. ರಾಜರ ಯುದ್ಧ ಅಕ್ಷರದಲ್ಲಿ ಮಾತ್ರ, ನಾಯಿಯ ಸಾವು ಅಕ್ಷರದಲ್ಲಿಯೂ ಚಿತ್ರದಲ್ಲಿಯೂ ಎಂಬ ಈ ಹಂಚಿಕೆಯನ್ನು ಗಮನಿಸದೆ ಬರಹದ ಯುದ್ಧಭಾಗವನ್ನಷ್ಟೇ ಓದಿದರೆ ಆ ಕಲ್ಲು ಯಾಕೆ ನಿಂತಿತು ಎಂಬುದೇ ಕೈತಪ್ಪುತ್ತದೆ.

ಹೀಗೆ ದಿಕ್ಕು, ತೆರಪು, ಅಕ್ಷರ–ಚಿತ್ರ ಸಂಬಂಧ ಎಂಬ ಮೂರು ಪ್ರಶ್ನೆಗಳು ಕಲ್ಲಿನಿಂದಲೇ ಹುಟ್ಟುತ್ತವೆ.

5. ಗೋಡೆಯ ಮೇಲಿನ ಕಥನ

ಸ್ಮಾರಕಶಿಲೆಗಳಾಚೆಗೂ ಈ ಪರಿಸರದಲ್ಲಿ ಚಿತ್ರಕಥನದ ವೈವಿಧ್ಯವಿದೆ. ಬಂದಳಿಕೆಯ ಸೋಮೇಶ್ವರ ದೇವಾಲಯದ ಬಾಗಿಲಿನ ಇಕ್ಕೆಲಗಳ ಜಾಲಂಧ್ರಗಳಲ್ಲಿ ರಾಮಾಯಣ ಮತ್ತು ಮಹಾಭಾರತದ ದೃಶ್ಯಗಳಿವೆ. ಬೆಳಕನ್ನು ಒಳಬಿಡುವ ಕಲ್ಲಿನ ಜಾಲರಿಯೇ ಇಲ್ಲಿ ಕಥೆಯ ಪುಟ. ಬಳ್ಳಿಗಾವಿಯ ತ್ರಿಪುರಾಂತಕೇಶ್ವರ ದೇವಾಲಯದ ಶಿಲ್ಪಪಟ್ಟಿಕೆಗಳಲ್ಲಿ ಪಂಚತಂತ್ರದ ಕಥೆಗಳಿವೆ. 11ನೆಯ ಶತಮಾನದಲ್ಲಿಯೇ ದುರ್ಗಸಿಂಹನು ‘ಪಂಚತಂತ್ರ’ವನ್ನು ಕನ್ನಡಕ್ಕೆ ತಂದನೆಂಬುದನ್ನು ನೆನೆದರೆ, ಒಂದೇ ಕಥಾಪರಂಪರೆಯು ಓಲೆಗರಿಯಲ್ಲಿಯೂ ಕಲ್ಲಿನಲ್ಲಿಯೂ ಓದುಗರನ್ನು ಪಡೆದದ್ದು ಸ್ಪಷ್ಟವಾಗುತ್ತದೆ. ನೆರೆಯ ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿ (1196) ರಾಮಾಯಣದ 70 ಶಿಲ್ಪಫಲಕಗಳಿವೆ. ಅವು ರೂಢಿಯ ಪ್ರದಕ್ಷಿಣಾಕ್ರಮಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸಾಗುವುದು ಗಮನಾರ್ಹ. ವೀರಗಲ್ಲು ಕಣ್ಣನ್ನು ಏರಿಸಿದರೆ ಇಲ್ಲಿಯ ಗೋಡೆಯು ಓದುಗನನ್ನೇ ನಡೆಸುತ್ತದೆ. ದಿಕ್ಕನ್ನು ಅರಿಯದ ನೋಡುಗನಿಗೆ ಕಥೆ ಹಿಂದುಮುಂದಾಗುತ್ತದೆ.

6. ಮುದ್ರಣದಿಂದ ಅಂತರ್ಜಾಲಕ್ಕೆ

ಕನ್ನಡದ ಆಧುನಿಕ ಓದುಗರಿಗೆ ಚಿತ್ರಕಥೆಯು ಹೊರಗಿನದಾಗಿ ಉಳಿದಿಲ್ಲ. ‘ಅಮರ ಚಿತ್ರ ಕಥೆ’ ಮಾಲಿಕೆಯ ಆರಂಭವೇ ಕನ್ನಡದೊಂದಿಗೆ ಬೆಸೆದುಕೊಂಡಿದೆ. 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ, ಪಾಶ್ಚಾತ್ಯ ಅದ್ಭುತಕಥೆಗಳ ಮೊದಲ ಸಂಚಿಕೆಗಳು ಕನ್ನಡದಲ್ಲಿ ಹೊರಬಂದವು. ಇಂಗ್ಲಿಷಿನ ‘ಕೃಷ್ಣ’ ಸಂಚಿಕೆಗೆ 11 ಎಂಬ ಸಂಖ್ಯೆ ಬಿದ್ದುದಕ್ಕೆ ಹಿಂದಿನ ಹತ್ತು ಸಂಚಿಕೆಗಳೇ ಕಾರಣ. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ಚಿತ್ರಗಳು, ಮುಂದೆ ‘ಬಾಲಮಂಗಳ’ದ ಡಿಂಗನಂಥ ಪಾತ್ರಗಳು ಈ ಓದನ್ನು ಮನೆಮನೆಗೆ ಒಯ್ದವು.

ಅಂತರ್ಜಾಲವು ಇದಕ್ಕೆ ಸೇರಿಸಿದ್ದೇನು? ಮೆಕ್‌ಕ್ಲೌಡ್ 2000ದಲ್ಲಿ ಪ್ರಕಟಿಸಿದ ‘ರೀಇನ್ವೆಂಟಿಂಗ್ ಕಾಮಿಕ್ಸ್’ನಲ್ಲಿ ಕಂಪ್ಯೂಟರಿನ ತೆರೆಯನ್ನು ಪುಟವೆಂದು ಭಾವಿಸದೆ, ಎತ್ತ ಬೇಕಾದರೂ ಹರಡಬಲ್ಲ ಅನಂತ ಪಟದ ಮೇಲೆ ತೆರೆದ ಕಿಟಕಿಯೆಂದು ಭಾವಿಸಬೇಕೆಂಬ ವಿಚಾರವನ್ನು ಮಂಡಿಸಿದರು. ಅದೇ ದಶಕದಲ್ಲಿ ದಕ್ಷಿಣ ಕೊರಿಯದ ಡೌಮ್, ನೇವರ್ ತಾಣಗಳು ಬೆಳೆಸಿದ ವೆಬ್‌ಟೂನ್ ಪ್ರಕಾರವು ಮೇಲಿನಿಂದ ಕೆಳಕ್ಕೆ ನಿಲ್ಲದೆ ಸರಿಯುವ ಉದ್ದನೆಯ ಪಟವನ್ನು ರೂಢಿಗೆ ತಂದಿತು. ಅಲ್ಲಿ ಚೌಕಗಳ ನಡುವಿನ ತೆರಪನ್ನು ಬೇಕಾದಷ್ಟು ಹಿಗ್ಗಿಸಬಹುದು. ಬೆರಳು ಸರಿಸುವಷ್ಟು ಹೊತ್ತೂ ಓದುಗ ಕಾಯಬೇಕು. ವೀರಗಲ್ಲಿನ ಲಂಬ ಓದು ಇಲ್ಲಿ ತಲೆಕೆಳಗಾಗಿ ಮರಳಿದೆ ಎನ್ನಬಹುದು.

7. ಓದಿಗೆ ಕೆಲವು ಸೂಚನೆಗಳು

ಮೇಲಿನ ಮೂರು ಪ್ರಶ್ನೆಗಳಿಗೆ ವಿಶಿಷ್ಟ ಉತ್ತರ ಕೊಡುವ ಐದು ಕೃತಿಗಳನ್ನು ಇಲ್ಲಿ ಸೂಚಿಸಲಾಗಿದೆ. ಜನಪ್ರಿಯತೆ ಈ ಆಯ್ಕೆಯ ಮಾನದಂಡವಲ್ಲ.

ದಿಕ್ಕಿನ ದೃಷ್ಟಿಯಿಂದ ಯೂನ್ ಟೇ-ಹೋ ಅವರ ಕೊರಿಯನ್ ವೆಬ್‌ಟೂನ್ ‘ಮಿಸೆಂಗ್’ (2012–13) ಓದತಕ್ಕದ್ದು. ಮಣೆಯ ಮೇಲೆ ಕರಿ ಬಿಳಿ ಕಾಯಿಗಳಿಂದ ಆಡುವ ಬದುಕ್ ಆಟದಲ್ಲಿ ವೃತ್ತಿನಿರತನಾಗಲು ವಿಫಲನಾದ ಯುವಕನೊಬ್ಬ ವ್ಯಾಪಾರ ಸಂಸ್ಥೆಯೊಂದರ ಕಚೇರಿಗೆ ಸೇರುವ ಕಥೆ ಇದು. 1989ರಲ್ಲಿ ನಿಜವಾಗಿ ನಡೆದ ಪ್ರಸಿದ್ಧ ಪಂದ್ಯವೊಂದರ 145 ನಡೆಗಳನ್ನು ಕೃತಿಯು ತನ್ನ ಅಧ್ಯಾಯಗಳಿಗೆ ಆಧಾರವಾಗಿ ಇಟ್ಟುಕೊಂಡಿದೆ. ಕೆಳಕ್ಕೆ ಸರಿಯುವ ಪಟ ಮತ್ತು ಒಂದೊಂದೇ ನಡೆಯಾಗಿ ಮುಂದುವರಿಯುವ ಆಟ ಇವೆರಡೂ ಸೇರಿ ಕಚೇರಿಯ ದಿನಚರಿಗೆ ಕಾಳಗದ ಬಿಗಿಯನ್ನು ಕೊಡುತ್ತವೆ.

ತೆರಪಿನ ದೃಷ್ಟಿಯಿಂದ ರ‍್ಯಾಂಡಲ್ ಮನ್ರೋ ಅವರು 2005ರಲ್ಲಿ ಆರಂಭಿಸಿದ ‘ಎಕ್ಸ್‌ಕೆಸಿಡಿ’ಯ ‘ಟೈಮ್’ (2013) ಅಸಾಧಾರಣವಾದುದು. ಮರಳಿನ ಕೋಟೆ ಕಟ್ಟುವ ಇಬ್ಬರ ಒಂದು ಚಿತ್ರ ಮೊದಲು ಅರ್ಧ ಗಂಟೆಗೊಮ್ಮೆ, ಬಳಿಕ ಗಂಟೆಗೊಮ್ಮೆ ಬದಲಾಗುತ್ತ ನಾಲ್ಕು ತಿಂಗಳು ಸಾಗಿ 3099 ಚಿತ್ರಗಳಾದವು. ಎರಡು ಚೌಕಗಳ ನಡುವಿನ ತೆರಪು ಇಲ್ಲಿ ಓದುಗನ ಬದುಕಿನ ನಿಜವಾದ ಗಂಟೆಯೇ ಆಗಿತ್ತು. ಕಥೆಯ ನಡುವೆ ಬರುವ ಅಪರಿಚಿತ ಜನರ ಲಿಪಿಯನ್ನು ಓದುಗರು ಬಿಡಿಸಲು ತೊಡಗಿದುದು ಶಾಸನಾಭ್ಯಾಸಿಗಳಿಗೆ ರುಚಿಸುವ ಸಂಗತಿ. ಈ ಕೃತಿಗೆ 2014ರಲ್ಲಿ ಚಿತ್ರಕಥನ ವಿಭಾಗದ ಹ್ಯೂಗೋ ಪ್ರಶಸ್ತಿ ಸಂದಿತು.

ಅಕ್ಷರ–ಚಿತ್ರ ಸಂಬಂಧದ ದೃಷ್ಟಿಯಿಂದ ಮೂರು ಭಾರತೀಯ ಕೃತಿಗಳಿವೆ. ಬೆಂಗಳೂರಿನ ಆರತಿ ಪಾರ್ಥಸಾರಥಿ 2014ರಲ್ಲಿ ಆರಂಭಿಸಿದ ‘ರಾಯಲ್ ಎಕ್ಸಿಸ್ಟೆನ್ಷಿಯಲ್ಸ್’ ಹಳೆಯ ಭಾರತೀಯ ಕಿರುಚಿತ್ರಗಳನ್ನು ಹಾಗೆಯೇ ಬಳಸಿಕೊಂಡು ಅದರ ರಾಜರಾಣಿಯರ ಬಾಯಲ್ಲಿ ಇಂದಿನ ಸಮಾಜದ ಆತಂಕಗಳನ್ನು ಆಡಿಸುತ್ತದೆ. ಚಿತ್ರದ ಕಾಲ ಒಂದು, ಮಾತಿನ ಕಾಲ ಇನ್ನೊಂದು. ಆತಕೂರಿನ ಕಲ್ಲಿನಲ್ಲಿ ಬರಹವು ಹೇಳುವ ರಾಜರ ಯುದ್ಧವನ್ನು ಚಿತ್ರವು ಬಿಟ್ಟುಕೊಟ್ಟಿರುವುದನ್ನು ಕಂಡವರಿಗೆ ಈ ಬಿರುಕಿನ ಸ್ವಾರಸ್ಯ ಬೇಗ ತಿಳಿಯುತ್ತದೆ.

ರಚಿತಾ ತನೇಜಾ ಅವರ ‘ಸ್ಯಾನಿಟರಿ ಪ್ಯಾನೆಲ್ಸ್’ (2014ರಿಂದ) ಕಡ್ಡಿರೇಖೆಗಳ ಮನುಷ್ಯರನ್ನು ಮಾತ್ರ ಬಳಸುತ್ತದೆ. ಮುಖಗಳಿಗೆ ವ್ಯಕ್ತಿವಿಶೇಷವಿಲ್ಲ, ಯಾರು ಏನು ಹೇಳಿದರು ಎಂಬುದನ್ನು ಅಕ್ಷರವೇ ಹೊರಬೇಕು. ವೀರಗಲ್ಲಿನ ಸಮಾನಮುಖದ ವೀರರ ಕ್ರಮವೇ ಇಲ್ಲಿ ರಾಜಕೀಯ ವಿಡಂಬನೆಗೆ ಒದಗಿದೆ. ಇದರ ಕೆಲವು ಚಿತ್ರಗಳ ಸಂಬಂಧವಾಗಿ 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯಾಯಾಂಗ ನಿಂದನೆಯ ನೋಟಿಸು ನೀಡಿತು. 2024ರಲ್ಲಿ ಕಲಾವಿದೆಗೆ ವ್ಯಂಗ್ಯಚಿತ್ರ ಕ್ಷೇತ್ರದ ಧೈರ್ಯಕ್ಕಾಗಿ ಕೋಫಿ ಅನ್ನಾನ್ ಹೆಸರಿನ ಪ್ರಶಸ್ತಿ ದೊರೆಯಿತು. ನಾಲ್ಕು ಗೆರೆಗಳ ಚಿತ್ರಕ್ಕೂ ಎಷ್ಟು ಭಾರವಿರಬಲ್ಲದು ಎಂಬುದಕ್ಕೆ ಇದು ನಿದರ್ಶನ.

ರೋಹನ್ ಚಕ್ರವರ್ತಿಯವರ ‘ಗ್ರೀನ್ ಹ್ಯೂಮರ್’ (2010ರಿಂದ) ವನ್ಯಜೀವಿಗಳಿಗೇ ಮಾತು ಕೊಟ್ಟು ಅವುಗಳ ಸ್ವಭಾವವನ್ನೂ ಸಂಕಟವನ್ನೂ ನಗೆಯೊಡನೆ ತಿಳಿಸುತ್ತದೆ. ಪಂಚತಂತ್ರದ ಪ್ರಾಣಿಗಳು ಮನುಷ್ಯರ ನೀತಿಗಾಗಿ ಮಾತಾಡಿದರೆ ಇಲ್ಲಿನ ಪ್ರಾಣಿಗಳು ತಮ್ಮ ಉಳಿವಿಗಾಗಿ ಮಾತಾಡುತ್ತವೆ. ಬಳ್ಳಿಗಾವಿಯ ಪಟ್ಟಿಕೆ, ದುರ್ಗಸಿಂಹನ ಕೃತಿ ಮತ್ತು ಈ ಚಿತ್ರಮಾಲಿಕೆ ಮೂರನ್ನೂ ಒಂದೇ ತರಗತಿಯಲ್ಲಿ ಎದುರುಬದುರು ಇರಿಸಿ ಪಾಠ ಮಾಡಲು ಸಾಧ್ಯವಿದೆ.

8. ಉಳಿವಿನ ಪ್ರಶ್ನೆ

ವೀರಗಲ್ಲಿನ ಶಿಖರದ ಸೂರ್ಯಚಂದ್ರರು ಆಚಂದ್ರಾರ್ಕ ಎಂಬ ಆಶಯದ ಸಂಕೇತ. ಆದರೂ ಬಯಲಿನಲ್ಲಿ ನಿಂತ ಕಲ್ಲು ಮಳೆಗಾಳಿಗೆ ಸವೆಯುತ್ತದೆ. ಬರಹ ಸಂಪುಟದಲ್ಲಿ ಸೇರಿರುವುದರಿಂದ ಅದು ಉಳಿಯುತ್ತದೆ. ವಿವರಿಸದೆ ಬಿಟ್ಟ ಚಿತ್ರ ಸವೆದರೆ ಅದಕ್ಕೆ ಬೇರೆ ಪ್ರತಿಯಿಲ್ಲ. ಅಂತರ್ಜಾಲದ ಕೃತಿಯ ಆಯುಷ್ಯ ಇನ್ನೂ ಅಲ್ಪ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆಯು ‘ಫ್ಲ್ಯಾಶ್’ ತಂತ್ರಾಂಶಕ್ಕೆ ಬೆಂಬಲ ನಿಲ್ಲಿಸಿದಾಗ ಅದನ್ನೇ ನೆಚ್ಚಿದ್ದ ಚಲಿಸುವ ಚಿತ್ರಕಥೆಗಳು ಸಾಮಾನ್ಯ ಓದುಗರ ಕೈಗೆ ಎಟುಕದಂತಾದವು. ತಾಣದ ಬಾಡಿಗೆ ಕಟ್ಟುವುದು ನಿಂತರೆ ಪುಟವೂ ಇಲ್ಲವಾಗುತ್ತದೆ. ಆಗ ಹೆಸರು ಮಾತ್ರ ಉಳಿದು ‘ಕವಿರಾಜಮಾರ್ಗ’ದ ಗದ್ಯಕಾರರ ಸ್ಥಿತಿಯೇ ಮರುಕಳಿಸುತ್ತದೆ.

ಆದ್ದರಿಂದ ಸಹ ಓದುಗರಿಗೆ ಮಾಡುವ ಶಿಫಾರಸನ್ನು ಹವ್ಯಾಸದ ಮಾತೆಂದು ಪಕ್ಕಕ್ಕಿಡದೆ ದಾಖಲೆಯ ಒಂದು ರೂಪವೆಂದು ಪರಿಗಣಿಸಬೇಕಾಗಿದೆ. ಕೃತಿಯ ಹೆಸರು, ಕರ್ತೃ, ಕಾಲಗಳ ಜೊತೆಗೆ ಅದನ್ನು ಯಾವ ದಿಕ್ಕಿನಲ್ಲಿ ಓದಬೇಕು, ಅದರ ತೆರಪಿನಲ್ಲಿ ಏನು ನಡೆಯುತ್ತದೆ, ಅಕ್ಷರಕ್ಕೂ ಚಿತ್ರಕ್ಕೂ ಹೊಣೆ ಹೇಗೆ ಹಂಚಿಹೋಗಿದೆ ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದಿಟ್ಟರೂ, ಮೂಲವು ಮರೆಯಾದ ಮೇಲೆ ಬರುವ ಓದುಗನಿಗೆ ಅದರ ಓದು ದಕ್ಕುತ್ತದೆ. ಇದೇ ಕ್ರಮದಲ್ಲಿ ನಾಗರಖಂಡದ ಒಂದೊಂದು ಕಲ್ಲಿನ ಚಿತ್ರಗಳನ್ನೂ ಹಂತಹಂತವಾಗಿ ವಿವರಿಸಿ, ಸಂಪುಟದಲ್ಲಿರುವ ಪಠ್ಯದ ಪಕ್ಕದಲ್ಲಿರಿಸುವ ಕೆಲಸವನ್ನು ಕನ್ನಡ ವಿಭಾಗಗಳು ವಿದ್ಯಾರ್ಥಿಗಳ ಕ್ಷೇತ್ರಕಾರ್ಯವಾಗಿ ಕೈಗೊಳ್ಳಬಹುದು. ಮೊಬೈಲಿನ ತೆರೆಯ ಮೇಲೆ ಚಿತ್ರದಿಂದ ಚಿತ್ರಕ್ಕೆ ಸರಾಗವಾಗಿ ಸರಿಯಬಲ್ಲ ವಿದ್ಯಾರ್ಥಿಗೆ ಆ ಕೆಲಸಕ್ಕೆ ಬೇಕಾದ ಕಣ್ಣು ಈಗಾಗಲೇ ಪಳಗಿದೆ. ಅದಕ್ಕೆ ಪರಿಭಾಷೆಯನ್ನೂ ಕ್ರಮವನ್ನೂ ಒದಗಿಸುವುದು ಅಧ್ಯಾಪಕರ ಹೊಣೆ.